ಸಾಲ ಮಾಡಿ ಕೊಂಡ ಕೆಲಸ

ಇಂಗ್ಲೆಂಡಿಗೆ ಬಂದು ಆರು ವರ್ಷ ಆಯ್ತು. ನಾನಿಲ್ಲಿ ಸಾಫ್ಟ್‌ವೇರ್ ಬರೆಯೋದು ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಆದರೂ ಮೂರ್ನಾಲ್ಕು ವರ್ಷಗಳಿಂದ ನನ್ನ ವಾಟ್ಸಾಪ್‌ಗೆ ಅತಿ ಹೆಚ್ಚು ಬರುವ ಪ್ರಶ್ನೆ ಐಟಿ ಕೆಲಸದ್ದಲ್ಲ. ‘ಅಕ್ಕಾ, ಯುಕೆ ಕೇರ್ ವೀಸಾ ಅಂತೆ. ಏಜೆಂಟು ಹದಿನೈದು ಲಕ್ಷ ಕೇಳ್ತಿದ್ದಾನೆ. ಕೊಡಬಹುದಾ?’ ಅತ್ತೆಯ ಪಕ್ಕದ ಮನೆಯವರ ಮಗಳು, ಕಾಲೇಜಿನ ಜೂನಿಯರ್‌ನ ತಂಗಿ, ಅಮ್ಮನ ಭಜನಾ ಮಂಡಳಿಯವರ ಸೊಸೆ, ಹೀಗೆ ಯಾರ್ಯಾರೋ ಕೇಳ್ತಾರೆ. ಕೆಲವರು ಆಫರ್ ಲೆಟರ್‌ನ ಪಿಡಿಎಫ್ ಕೂಡ ಕಳಿಸಿರ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಈ ಸಲ ಇಲ್ಲೇ ಬರೆದುಬಿಡ್ತೀನಿ.

ಮೊದಲ ಉತ್ತರ ಚಿಕ್ಕದು. ಆ ಬಾಗಿಲು ಮುಚ್ಚಿದೆ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳೋದನ್ನು ಬ್ರಿಟನ್ 2025ರ ಜುಲೈ 22ರಿಂದ ನಿಲ್ಲಿಸಿದೆ. ಈಗಾಗಲೇ ಇಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡ್ತಿರುವವರಿಗೆ ಮಾತ್ರ, ಕೆಲವು ಷರತ್ತುಗಳ ಮೇಲೆ, 2028ರ ಜುಲೈವರೆಗೆ ಈ ವೀಸಾಗೆ ಬದಲಾಯಿಸಿಕೊಳ್ಳುವ ಅವಕಾಶ ಇಟ್ಟಿದ್ದಾರೆ. ನೋಂದಾಯಿತ ನರ್ಸ್‌ಗಳ ವೀಸಾ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ಇವತ್ತು ಯಾರಾದರೂ ಊರಲ್ಲಿ ಕೂತು ‘ಕೇರ್ ವರ್ಕರ್ ವೀಸಾ ಮಾಡಿಸಿಕೊಡ್ತೀನಿ’ ಅಂದರೆ, ಅವರು ಮಾರ್ತಿರೋದು ಇಲ್ಲದ ಸಾಮಾನನ್ನು.

ಅಲ್ಲಿಗೆ ವಿಷಯ ಮುಗೀತಲ್ಲ ಅಂತೀರಾ? ಮುಗಿದಿಲ್ಲ. ಬಾಗಿಲು ತೆರೆದಿದ್ದ ಮೂರೂವರೆ ವರ್ಷಗಳಲ್ಲಿ ಬಂದವರು ಇಲ್ಲೇ ಇದ್ದಾರೆ. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ನಾಳೆ ಇನ್ಯಾವುದೋ ದೇಶ ಇಂಥದ್ದೇ ಬಾಗಿಲು ತೆರೆಯುತ್ತೆ, ಆಗಲೂ ಅದೇ ಏಜೆಂಟು ಅದೇ ಆಫೀಸಿನ ಬೋರ್ಡ್ ಬದಲಾಯಿಸಿ ಕೂತಿರ್ತಾನೆ. ಹಾಗಾಗಿ ಇಲ್ಲಿ ಏನಾಯ್ತು ಅನ್ನೋದನ್ನು ಸರಿಯಾಗಿ ತಿಳಿದುಕೊಳ್ಳೋದು ಒಳ್ಳೇದು.

ವಯಸ್ಸಾದವರನ್ನು, ಅಂಗವೈಕಲ್ಯ ಇರುವವರನ್ನು, ಮರೆವಿನ ಕಾಯಿಲೆ ಬಂದವರನ್ನು ದಿನನಿತ್ಯ ನೋಡಿಕೊಳ್ಳುವ ವ್ಯವಸ್ಥೆಗೆ ಇಲ್ಲಿ ಅಡಲ್ಟ್ ಸೋಷಿಯಲ್ ಕೇರ್ ಅಂತಾರೆ. ಇದು ಆಸ್ಪತ್ರೆಗಿಂತ ಬೇರೆ. ಆಸ್ಪತ್ರೆ ಎನ್‌ಎಚ್‌ಎಸ್‌ನದ್ದು, ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಕೇರ್ ಹಾಗಲ್ಲ. ಇಂಗ್ಲೆಂಡಿನಲ್ಲಿ ಆಸ್ತಿ, ಉಳಿತಾಯ ಕಡಿಮೆ ಇರುವವರಿಗೆ ಸ್ಥಳೀಯ ಕೌನ್ಸಿಲ್ ದುಡ್ಡು ಕೊಡುತ್ತೆ, ಉಳಿದವರು ಕೈಯಿಂದ ಹಾಕಬೇಕು. ಕೆಲಸ ಮಾಡಿಸೋದು ಬಹುಪಾಲು ಖಾಸಗಿ ಕಂಪನಿಗಳು. ಕೆಲವರು ಕೇರ್ ಹೋಮ್‌ನಲ್ಲಿ ಇರ್ತಾರೆ, ಇನ್ನು ಕೆಲವರ ಮನೆಗೇ ಕೇರರ್ ಹೋಗ್ತಾರೆ. ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸೋದು, ಬಟ್ಟೆ ಹಾಕೋದು, ಮಾತ್ರೆ ಕೊಟ್ಟು ಚಾರ್ಟ್‌ನಲ್ಲಿ ಗುರುತು ಮಾಡೋದು, ತಿಂಡಿ ಕೊಡೋದು, ನಾಲ್ಕು ಮಾತಾಡೋದು. ಎಷ್ಟೋ ಮನೆಗಳಲ್ಲಿ ಇಡೀ ದಿನಕ್ಕೆ ಆ ನಾಲ್ಕು ಮಾತೇ ಮಾತು.

ಸಂಬಳ ಕಡಿಮೆ, ದುಡಿತ ಹೆಚ್ಚು. ಬ್ರೆಕ್ಸಿಟ್ ಆದಮೇಲೆ ಯುರೋಪಿನವರು ಸುಲಭವಾಗಿ ಬರೋದು ನಿಂತಿತು, ಕೋವಿಡ್‌ನಲ್ಲಿ ಇದ್ದವರೂ ಸುಸ್ತಾಗಿ ಬಿಟ್ಟರು. 2021–22ರಲ್ಲಿ ಇಂಗ್ಲೆಂಡೊಂದರಲ್ಲೇ ಸುಮಾರು 1,65,000 ಹುದ್ದೆ ಖಾಲಿ ಇದ್ದವು. ಹಾಗಾಗಿ 2022ರ ಫೆಬ್ರವರಿಯಲ್ಲಿ ಸರ್ಕಾರ ಕೇರ್ ವರ್ಕರ್‌ಗಳಿಗೂ ಹೆಲ್ತ್ ಅಂಡ್ ಕೇರ್ ವೀಸಾ ತೆರೆಯಿತು. ನಿಯಮ ಸರಳ. ಕೇರ್ ಕಂಪನಿ ಸರ್ಕಾರದಿಂದ ಸ್ಪಾನ್ಸರ್ ಲೈಸೆನ್ಸ್ ಪಡೆಯಬೇಕು. ಕರೆಸಿಕೊಳ್ಳುವ ಪ್ರತಿಯೊಬ್ಬರಿಗೂ ಒಂದೊಂದು ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಬೇಕು. ಅದರ ಮೇಲೆ ವೀಸಾ. 2023–24ರ ಒಂದೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಂದ ಇಂಗ್ಲೆಂಡಿನ ಕೇರ್ ಕೆಲಸಕ್ಕೆ ಸೇರಿದರು.

ಸಮಸ್ಯೆ ಶುರುವಾಗಿದ್ದು ಆ ಸರ್ಟಿಫಿಕೇಟ್‌ನಲ್ಲಿ. ಯಾವ ಕಾಗದ ಇಲ್ಲದೆ ವೀಸಾ ಆಗಲ್ವೋ ಆ ಕಾಗದಕ್ಕೆ ಬೆಲೆ ಬಂತು. ಗಡಿ ಮತ್ತು ವಲಸೆ ವ್ಯವಸ್ಥೆಯ ಸ್ವತಂತ್ರ ಮುಖ್ಯ ತನಿಖಾಧಿಕಾರಿ ಆಗಿದ್ದ ಡೇವಿಡ್ ನೀಲ್ ಅವರ ವರದಿ 2024ರ ಮಾರ್ಚ್‌ನಲ್ಲಿ ಹೊರಬಂತು. ಅಸ್ತಿತ್ವದಲ್ಲೇ ಇಲ್ಲದ ಒಂದು ಕೇರ್ ಹೋಮ್‌ಗೆ ಹೋಮ್ ಆಫೀಸ್ 275 ಸರ್ಟಿಫಿಕೇಟ್ ಕೊಟ್ಟಿತ್ತು. ತನ್ನಲ್ಲಿ ನಾಲ್ಕೇ ಜನ ಕೆಲಸಗಾರರಿದ್ದಾರೆ ಅಂತ ತಾನೇ ಹೇಳಿಕೊಂಡಿದ್ದ ಇನ್ನೊಂದು ಕಂಪನಿಗೆ ಕೊಟ್ಟದ್ದು 1,234. ನಮ್ಮ ಆಫೀಸಲ್ಲಿ 1, 2, 3, 4 ಅಂತ ಸಂಖ್ಯೆ ಕಂಡರೆ ಯಾರೋ ಟೆಸ್ಟಿಂಗ್‌ಗೆ ಹಾಕಿದ್ದು ಅಂತ ಅಳಿಸಿಬಿಡ್ತೀವಿ. ಇದು ನಿಜವಾದ ಲೆಕ್ಕ. ಒಂದೊಂದು ಸರ್ಟಿಫಿಕೇಟ್‌ನ ಹಿಂದೆ ಯಾರದೋ ತೋಟ, ಯಾರದೋ ಬಳೆ, ಯಾರದೋ ಅಣ್ಣನ ಪಿಎಫ್ ದುಡ್ಡು ಇರುವ ಸಾಧ್ಯತೆ ಇದೆ.

ಈಗ ಆ ಹದಿನೈದು ಲಕ್ಷದ ಲೆಕ್ಕ ಬಿಡಿಸೋಣ. ಮೂರು ವರ್ಷದವರೆಗಿನ ಈ ವೀಸಾದ ಅರ್ಜಿ ಶುಲ್ಕ 2025ರ ಏಪ್ರಿಲ್‌ನಲ್ಲಿ 304 ಪೌಂಡ್ ಆಯ್ತು. ಪೌಂಡ್‌ಗೆ 115 ರೂಪಾಯಿ ಅಂತ ಹಿಡಿದರೆ ಸುಮಾರು 35,000 ರೂಪಾಯಿ. ಬೇರೆ ವೀಸಾದವರು ಕಟ್ಟುವ ಆರೋಗ್ಯ ಸರ್ಚಾರ್ಜ್ ಕೇರ್ ವೀಸಾದವರಿಗೆ ಇಲ್ಲ. ಸರ್ಟಿಫಿಕೇಟ್‌ನ ಶುಲ್ಕ 2025ರಲ್ಲಿ 525 ಪೌಂಡ್ ಆಯ್ತು, ಆದರೆ ಅದನ್ನು ಕಟ್ಟಬೇಕಾದ್ದು ಕಂಪನಿ. 2024ರ ಕೊನೆಯಿಂದ ಅದನ್ನು ಕೆಲಸಗಾರರ ತಲೆಗೆ ಹಾಕೋ ಹಾಗೇ ಇಲ್ಲ ಅಂತ ನಿಯಮ ಬಂದಿದೆ. ಇನ್ನು ವಿಮಾನದ ಟಿಕೆಟ್, ಇಂಗ್ಲಿಷ್ ಪರೀಕ್ಷೆ, ಟಿಬಿ ಪರೀಕ್ಷೆ. ಎಲ್ಲಾ ಸೇರಿಸಿ ಎಷ್ಟೇ ಎಳೆದರೂ ಹದಿನೈದು ಲಕ್ಷ ಆಗಲ್ಲ. ಉಳಿದದ್ದೆಲ್ಲ ಕೆಲಸದ ಬೆಲೆ. ಅಂದ್ರೆ ಕೆಲಸ ಮಾಡೋಕೆ ನಾವೇ ದುಡ್ಡು ಕೊಡೋದು.

ಅದನ್ನ ತೀರಿಸೋದು ಹೇಗೆ? 2025ರ ಏಪ್ರಿಲ್‌ನಲ್ಲಿ ಈ ವೀಸಾಗೆ ಕನಿಷ್ಠ ಸಂಬಳ ವರ್ಷಕ್ಕೆ 25,000 ಪೌಂಡ್, ಗಂಟೆಗೆ 12.82 ಆಯ್ತು. ತೆರಿಗೆ, ವಿಮೆ ಹೋಗಿ ಕೈಗೆ ತಿಂಗಳಿಗೆ 1,790ರ ಆಸುಪಾಸು ಬರುತ್ತೆ. ಬಾಡಿಗೆ, ಕರೆಂಟು, ಊಟ, ಬಸ್ಸು, ಊರಿಗೆ ಕಳಿಸೋದು ಎಲ್ಲಾ ಕಳೆದು ತಿಂಗಳಿಗೆ 400 ಪೌಂಡ್ ಸಾಲಕ್ಕೆ ಕಟ್ಟಿದರೂ ಹದಿನೈದು ಲಕ್ಷ ತೀರೋಕೆ ಎರಡು ವರ್ಷ ಒಂಬತ್ತು ತಿಂಗಳು ಬೇಕು. ಬಡ್ಡಿ ಸೇರಿಸಿಲ್ಲ. ಇದು ಪೂರ್ತಿ ಗಂಟೆಗಳ ಕೆಲಸ ಸಿಕ್ಕರೆ ಮಾತ್ರ.

ಸಿಗದಿದ್ದರೆ ಏನಾಗುತ್ತೆ ಅನ್ನೋದನ್ನು ನನಗೆ ಹೇಳಿದವಳು ಒಬ್ಬ ಮಲೆನಾಡಿನ ಹುಡುಗಿ. ಇಲ್ಲಿಯ ಕನ್ನಡಿಗರು ಸೇರಿ ಮಾಡಿದ ಯುಗಾದಿ ಊಟದ ಸಾಲಿನಲ್ಲಿ ಪರಿಚಯ ಆದವಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿದ್ದಾಳೆ. ಮೊದಲು ಕೇರರ್ ಆಗಿ ಹೋಗು, ಆಮೇಲೆ ಪರೀಕ್ಷೆ ಬರೆದು ನರ್ಸ್ ಆಗಬಹುದು ಅಂತ ಏಜೆಂಟು ಹೇಳಿದ್ದನಂತೆ. ಅಪ್ಪ ಅಡಿಕೆ ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆದರು, ದೊಡ್ಡಮ್ಮನ ಬಂಗಾರ ಬ್ಯಾಂಕಿಗೆ ಹೋಯ್ತು, ಉಳಿದದ್ದು ಕೈಸಾಲ. ಒಟ್ಟು ಹದಿನಾಲ್ಕು ಲಕ್ಷ. ವಾರಕ್ಕೆ 39 ಗಂಟೆ ಅಂತ ಕಾಗದದಲ್ಲಿತ್ತು. ಇಲ್ಲಿ ಸಿಕ್ಕಿದ್ದು ಒಂದು ವಾರ 16, ಇನ್ನೊಂದು ವಾರ 11.

ಆ ಹನ್ನೊಂದು ಗಂಟೆ ಲೆಕ್ಕ ಹಾಕೋದು ಹೇಗೆ ಅನ್ನೋದು ನನಗೆ ಗೊತ್ತು, ಯಾಕಂದ್ರೆ ನಮ್ಮ ಕಂಪನಿ ಮಾಡೋದೇ ಕೇರ್ ಸಂಸ್ಥೆಗಳ ರೋಟಾ ಸಾಫ್ಟ್‌ವೇರ್. ಯಾರು, ಯಾವ ಮನೆಗೆ, ಎಷ್ಟು ಹೊತ್ತಿಗೆ ಅನ್ನೋ ಪಟ್ಟಿ. ಎರಡು ಮನೆಗಳ ನಡುವಿನ ಪ್ರಯಾಣಕ್ಕೆ ಅದರಲ್ಲಿ ಒಂದು ಕಾಲಂ ಇದೆ. ಕೆಲವರು ಅದರಲ್ಲಿ ಸೊನ್ನೆ ಹಾಕಿಟ್ಟಿರ್ತಾರೆ. ಏಳರಿಂದ ಏಳೂವರೆ ಒಂದು ಮನೆ. ಸರಿಯಾಗಿ ಏಳೂವರೆಗೆ ನಾಲ್ಕು ಮೈಲಿ ಆಚೆ ಇನ್ನೊಂದು ಮನೆ. ಹನುಮಂತನೇ ಹಾರಿದರೂ ಒಂದೆರಡು ನಿಮಿಷ ಬೇಕಲ್ವೇ? ಆ ನಿಮಿಷಗಳು ಒಂದೋ ಅಜ್ಜಿಯ ಅರ್ಧ ಗಂಟೆಯಿಂದ ಬರ್ತವೆ, ಇಲ್ಲಾ ಕೇರರ್‌ನ ಜೇಬಿನಿಂದ. ಒಂದು ಭೇಟಿಯಿಂದ ಇನ್ನೊಂದು ಭೇಟಿಗೆ ಹೋಗುವ ಹೊತ್ತನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಹಿಡಿಯಬೇಕು ಅಂತ ಇಲ್ಲಿಯ ಕಾನೂನಿದೆ. ಬೆಳಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆಗೆ ಬಂದ ದಿನ ಆ ಹುಡುಗಿಯ ಲೆಕ್ಕಕ್ಕೆ ಬಿದ್ದಿದ್ದು ಐದೂವರೆ ಗಂಟೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಸಂಬಳದ ವಿಷಯ ಅಲ್ಲ. ಅವಳು ಹೋಗುತ್ತಿದ್ದ ಒಂದು ಮನೆಯಲ್ಲಿ ಎದ್ದು ನಿಲ್ಲಲಾಗದ ಅಜ್ಜಿಯೊಬ್ಬರಿದ್ದರು. ಅವರನ್ನು ಹೊಯ್ಸ್ಟ್ ಅನ್ನೋ ಯಂತ್ರದಲ್ಲಿ ತೂಗಿ, ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕು. ಈ ಕೆಲಸಕ್ಕೆ ಇಬ್ಬರು ಇರಲೇಬೇಕು ಅಂತ ಅಜ್ಜಿಯ ಕೇರ್ ಪ್ಲಾನ್‌ನಲ್ಲಿ ಬರೆದಿತ್ತು. ಡಬಲ್-ಅಪ್ ಅಂತಾರೆ. ಎಷ್ಟೋ ದಿನ ಎರಡನೆಯವರು ಬರ್ತಾನೇ ಇರಲಿಲ್ಲ. ಮ್ಯಾನೇಜರ್‌ಗೆ ಫೋನ್ ಮಾಡಿದರೆ ‘ಹೇಗೋ ಮುಗಿಸು’ ಅನ್ನೋ ಉತ್ತರ. ಇವಳು ಒಬ್ಬಳೇ, ಜೀವ ಕೈಯಲ್ಲಿ ಹಿಡಿದು, ಅಜ್ಜಿಯನ್ನು ಎತ್ತುತ್ತಿದ್ದಳು. ದಾಖಲೆಯಲ್ಲಿ ಮಾತ್ರ ಇಬ್ಬರು.

‘ಮೇಲಿನವರಿಗೆ ಹೇಳಬಹುದಿತ್ತಲ್ಲೇ?’ ಅಂದೆ.

‘ಹೇಗೆ ಹೇಳ್ಲಿ ಅಕ್ಕಾ? ಜಾಸ್ತಿ ಮಾತಾಡಿದ್ರೆ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ ಅಂದಿದ್ರು. ಅಪ್ಪನ ತೋಟ ಅಡ ಇದೆ.’

ನೋಡಿ, ಇಡೀ ವಿಷಯ ಇರೋದು ಈ ಮಾತಿನಲ್ಲಿ. ಹೊರದೇಶದ ಕೆಲಸಗಾರರನ್ನು ನ್ಯಾಯವಾಗಿ ನೇಮಿಸಿಕೊಳ್ಳೋದು ಅಂದರೆ ಪಾಪ ಬಡವರಿಗೆ ಉಪಕಾರ ಮಾಡೋದು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಉಪಕಾರದ ಮಾತೇ ಅಲ್ಲ. ಸಾಲ ಬಾಯಿ ಕಟ್ಟುತ್ತೆ. ವೀಸಾ ಒಬ್ಬ ಮಾಲೀಕನ ಕೈಯಲ್ಲಿದ್ದರೆ ಆ ಗಂಟು ಇನ್ನೂ ಬಿಗಿ. ಕೇರ್ ಕೆಲಸದಲ್ಲಿ ಬಾಯಿ ಕಟ್ಟಿಕೊಂಡವರಿಂದ ಮೊದಲು ಅಪಾಯ ಆಗೋದು ಮಾತಾಡಲಾಗದೆ ಹಾಸಿಗೆಯಲ್ಲಿ ಮಲಗಿರುವವರಿಗೆ. ಮಾತ್ರೆ ತಪ್ಪಿದೆ, ಬೆನ್ನಲ್ಲಿ ಹುಣ್ಣಾಗಿದೆ, ಅಜ್ಜ ಎರಡು ದಿನದಿಂದ ಊಟ ಬಿಟ್ಟಿದ್ದಾರೆ ಅನ್ನೋದನ್ನೆಲ್ಲ ಮೊದಲು ಕಾಣೋದು ಕೇರರ್ ಕಣ್ಣಿಗೆ. ಅವರಿಗೆ ಭಯ ಇಲ್ಲದೆ ಹೇಳೋಕೆ ಆಗಬೇಕು. ನೇಮಕಾತಿಗೆ ಒಂದು ಪೈಸೆ ತಗೋಬಾರದು ಅನ್ನೋ ನಿಯಮ ಆ ಅಜ್ಜಿಯ ಸುರಕ್ಷತೆಯ ನಿಯಮವೂ ಹೌದು.

ಕೊನೆಗೆ ಆ ಕಂಪನಿಯ ಸ್ಪಾನ್ಸರ್ ಲೈಸೆನ್ಸ್ ರದ್ದಾಯ್ತು. ಅಂಥ ಕಂಪನಿ ಅದೊಂದೇ ಅಲ್ಲ. 2022ರ ಜುಲೈನಿಂದ 2024ರ ಕೊನೆಯವರೆಗೆ ಕೇರ್ ಕ್ಷೇತ್ರದಲ್ಲಿ 470ಕ್ಕೂ ಹೆಚ್ಚು ಲೈಸೆನ್ಸ್ ರದ್ದಾದವು ಅಂತ ಸರ್ಕಾರವೇ ಹೇಳಿದೆ. ಆ ಕಂಪನಿಗಳ ಜೊತೆ ಸಂಬಂಧ ಇದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ತಪ್ಪು ಕಂಪನಿಯದ್ದು, ಆದರೆ ಪತ್ರ ಬರೋದು ಕೆಲಸಗಾರರ ಮನೆಗೆ. ಸಾಮಾನ್ಯವಾಗಿ 60 ದಿನದಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕು, ಇಲ್ಲಾ ವಾಪಸ್ ಹೋಗಬೇಕು. ಸಾಲ ಮಾತ್ರ ಯಾವ ಪತ್ರಕ್ಕೂ ರದ್ದಾಗಲ್ಲ.

ಅವಳಿಗೆ ದಾರಿ ಸಿಕ್ಕಿತು. ಇಂಗ್ಲೆಂಡಿನ ಒಂದೊಂದು ಪ್ರಾಂತ್ಯದಲ್ಲೂ ಕೌನ್ಸಿಲ್‌ಗಳು, ಕೇರ್ ಸಂಸ್ಥೆಗಳ ಒಕ್ಕೂಟಗಳು ಸೇರಿ ಸರ್ಕಾರದ ಅನುದಾನದಲ್ಲಿ ಅಂತಾರಾಷ್ಟ್ರೀಯ ನೇಮಕಾತಿ ಸಹಭಾಗಿತ್ವದ ತಂಡ ಮಾಡಿಕೊಂಡಿವೆ. ಲೈಸೆನ್ಸ್ ರದ್ದಾಗಿ ಕೆಲಸ ಕಳೆದುಕೊಂಡವರನ್ನು ಒಳ್ಳೆಯ ಕಂಪನಿಗಳ ಜೊತೆ ಸೇರಿಸೋದು ಅವರ ಕೆಲಸ. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಕೇರ್ ಕಂಪನಿಗಳು ಹೊರಗಿನವರನ್ನು ಕರೆಸುವ ಮೊದಲು ಇಂಥವರನ್ನು ನೋಡಲೇಬೇಕು ಅಂತ ನಿಯಮ ಬಂತು. ಲಕ್ಷ ಜನ ಬಂದ ಮೇಲೆ ಬಂದ ನಿಯಮ, ಆದರೂ ಬಂತಲ್ಲ.

ಈಗ ಅವಳಿರುವ ಕೇರ್ ಹೋಮ್ ದೊಡ್ಡದೇನಲ್ಲ. ಅಲ್ಲಿಯವರು ಮಾಡಿದ್ದೂ ದೊಡ್ಡ ದೊಡ್ಡ ಕೆಲಸಗಳಲ್ಲ. ಸೇರುವ ಮೊದಲೇ ಗಂಟೆ ಎಷ್ಟು, ಸಂಬಳ ಎಷ್ಟು, ಯಾವುದಕ್ಕೆ ಎಷ್ಟು ಕಡಿತ ಅಂತ ಬರೆದು ಕೊಟ್ಟರು. ಮೊದಲ ಎರಡು ವಾರ ಅನುಭವಿ ಕೇರರ್ ಒಬ್ಬರ ಹಿಂದೆ ಸುಮ್ಮನೆ ನೋಡ್ತಾ ಓಡಾಡು ಅಂದರು, ಅದಕ್ಕೂ ಸಂಬಳ ಕೊಟ್ಟರು. ರೂಮು ಹುಡುಕೋಕೆ, ಜಿಪಿ ಡಾಕ್ಟರ್ ಹತ್ತಿರ ಹೆಸರು ಬರೆಸೋಕೆ ಜೊತೆಗೆ ಬಂದರು. ಇಲ್ಲಿಯ ಮಾತಿನ ವರಸೆ ಹೇಳಿಕೊಟ್ಟರು. ಯಾರ್ಕ್‌ಶೈರ್‌ನಲ್ಲಿ ‘ಬ್ರೂ’ ಅಂದರೆ ಚಹಾ, ‘ಟೀ’ ಅಂದರೆ ಎಷ್ಟೋ ಜನರಿಗೆ ಸಂಜೆಯ ಊಟ. ‘ವಾಟ್ಸ್ ಫಾರ್ ಟೀ, ಲವ್?’ ಅಂತ ಅಜ್ಜ ಕೇಳಿದಾಗ ಇವಳು ಹಾಲು, ಸಕ್ಕರೆ, ಟೀ ಪುಡಿ ಅಂತ ಪಟ್ಟಿ ಒಪ್ಪಿಸಿದ್ದಳಂತೆ. ಹೇಳಿಕೊಂಡು ಅವಳೇ ನಗ್ತಾಳೆ. ನಗು ಬಂತು ಅಂದ್ರೆ ಅರ್ಧ ನೆಲೆ ಸಿಕ್ಕಿದ ಹಾಗೆ.

ಹೋದ ಚಳಿಗಾಲದಲ್ಲಿ ಹೊಯ್ಸ್ಟ್‌ನ ತೊಟ್ಟಿಲುಬಟ್ಟೆಯ ಅಂಚಿನ ಹೊಲಿಗೆ ಬಿಟ್ಟಿರೋದನ್ನು ಅವಳು ಕಂಡಳು. ಕೆಲಸ ನಿಲ್ಲಿಸಿದಳು, ಮ್ಯಾನೇಜರ್‌ನ ಕರೆದು ತೋರಿಸಿದಳು. ಅವರು ಅದನ್ನು ಆಗಲೇ ತೆಗೆದುಹಾಕಿಸಿ, ಉಳಿದವನ್ನೆಲ್ಲ ಪರೀಕ್ಷೆ ಮಾಡಿಸಿದರು. ‘ಬೈತಾರೇನೋ ಅಂತ ಕೈ ನಡುಗ್ತಿತ್ತು ಅಕ್ಕಾ. ಥ್ಯಾಂಕ್ಸ್ ಅಂದ್ರು’ ಅಂತ ಮೆಸೇಜ್ ಮಾಡಿದ್ದಳು. ಅದೇ ಹುಡುಗಿ, ಅದೇ ಓದು, ಅದೇ ಕೈ. ಅವಳು ಬದಲಾಗಿರಲಿಲ್ಲ, ಕೆಲಸ ಕೊಟ್ಟವರು ಬದಲಾಗಿದ್ದರು.

ಕಾನೂನು ಎರಡೂ ಕಡೆ ಇದೆ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರರಿಂದ ದುಡ್ಡು ತಗೊಳ್ಳೋದು ಬ್ರಿಟನ್‌ನಲ್ಲಿ 1973ರ ಕಾಯ್ದೆ ಪ್ರಕಾರ ತಪ್ಪು. ಇಂಗ್ಲೆಂಡಿನ ನೇಮಕಾತಿ ಸಂಹಿತೆಯನ್ನು ಪಾಲಿಸ್ತೀವಿ ಅಂತ ಒಪ್ಪಿಕೊಂಡ ಏಜೆನ್ಸಿಗಳ ಪಟ್ಟಿಯನ್ನು ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಪ್ರಕಟಿಸುತ್ತೆ. ನಮ್ಮಲ್ಲಿ 1983ರ ವಲಸೆ ಕಾಯ್ದೆ ಪ್ರಕಾರ ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್‌ಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಅವರು ತಗೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಪಕ್ಕದ ಕೇರಳ ಇದನ್ನು ಸರ್ಕಾರದ ಮಟ್ಟದಲ್ಲೇ ಮಾಡುತ್ತೆ. ನೋರ್ಕಾ ರೂಟ್ಸ್, ಒಡೆಪೆಕ್ ಎಂಬ ಸಂಸ್ಥೆಗಳಿವೆ, 2024ರ ಮಾರ್ಚ್‌ನಲ್ಲಿ ವೇಲ್ಸ್ ಸರ್ಕಾರವೇ ಕೇರಳದ ಜೊತೆ ಆರೋಗ್ಯ ಸಿಬ್ಬಂದಿಗಾಗಿ ಒಪ್ಪಂದ ಮಾಡಿಕೊಂಡಿತು. ನಮ್ಮ ಕೌಶಲ್ಯಾಭಿವೃದ್ಧಿ ನಿಗಮದಲ್ಲೂ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಏಜೆಂಟ್‌ನ ಆಫೀಸಿಗೆ ಹೋಗುವ ಮೊದಲು ಅಲ್ಲಿಗೊಂದು ಸಲ ಹೋಗಿಬನ್ನಿ.

ಜರ್ಮನಿಯೋ ಜಪಾನೋ ಇನ್ಯಾವುದೋ, ಮುಂದೆ ಆಫರ್ ಬಂದಾಗ ಕೇಳಬೇಕಾದ್ದು ಇಷ್ಟು. ಏಜೆಂಟ್‌ನ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ? ಕೆಲಸ ಕೊಡುವ ಕಂಪನಿ ನಿಜವಾಗಿ ಇದೆಯಾ, ಅದು ಶುರುವಾಗಿ ಎಷ್ಟು ವರ್ಷ ಆಯ್ತು? ವಾರಕ್ಕೆ ಖಾತ್ರಿ ಗಂಟೆ ಎಷ್ಟು? ಪ್ರಯಾಣದ ಹೊತ್ತಿಗೆ ಸಂಬಳ ಇದೆಯಾ? ಮನೆ ಬಾಡಿಗೆ, ಕಾರು ಅಂತ ಎಷ್ಟು ಹಿಡೀತಾರೆ? ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಅದು ತಿಂಗಳು ಕಳೆದಂತೆ ಕಡಿಮೆ ಆಗುತ್ತಾ? ಈಗಾಗಲೇ ಅಲ್ಲಿ ಕೆಲಸ ಮಾಡ್ತಿರುವ ಒಬ್ಬರ ಜೊತೆ ಮಾತಾಡಿಸ್ತಾರಾ? ಇದಕ್ಕೆಲ್ಲ ‘ಅಲ್ಲಿಗೆ ಹೋದಮೇಲೆ ಗೊತ್ತಾಗುತ್ತೆ’ ಅನ್ನೋ ಉತ್ತರ ಬಂದರೆ ಎದ್ದು ಬನ್ನಿ. ಚಹಾ ಅರ್ಧ ಕುಡಿದಿದ್ದರೂ ಪರವಾಗಿಲ್ಲ.

ಇಲ್ಲಿ ಈಗಾಗಲೇ ಸಿಕ್ಕಿಹಾಕಿಕೊಂಡವರು ನಿಮ್ಮ ಮನೆಯವರಾಗಿದ್ದರೆ, ‘ಹೇಗೋ ಸಹಿಸ್ಕೋ’ ಅನ್ನಬೇಡಿ. ಪೇಸ್ಲಿಪ್, ರೋಟಾ, ಏಜೆಂಟ್‌ಗೆ ದುಡ್ಡು ಕಳಿಸಿದ ದಾಖಲೆ, ಮೆಸೇಜ್‌ಗಳು ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳೋಕೆ ಹೇಳಿ. ಯೂನಿಸನ್ ಕಾರ್ಮಿಕ ಸಂಘ, ಸಿಟಿಜನ್ಸ್ ಅಡ್ವೈಸ್, ಆ ಪ್ರಾಂತ್ಯದ ನೇಮಕಾತಿ ತಂಡ, ದುಡಿಮೆಯಲ್ಲಿ ಶೋಷಣೆ ಆಗ್ತಿದ್ದರೆ ಮಾಡರ್ನ್ ಸ್ಲೇವರಿ ಸಹಾಯವಾಣಿ, ಇವರೆಲ್ಲ ಕೇಳಿಸಿಕೊಳ್ತಾರೆ. ಪತ್ರ ಬಂದಮೇಲೆ ಓಡಾಡೋದಕ್ಕಿಂತ ಮೊದಲೇ ಕೇಳೋದು ವಾಸಿ.

ಕೊನೆಯದಾಗಿ ಒಂದು ಮಾತು, ಊರಲ್ಲಿರುವ ಓದುಗರಿಗೆ. ನಮ್ಮಲ್ಲೂ ಈಗ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯನ್ನು ನೋಡಿಕೊಳ್ಳೋಕೆ ಏಜೆನ್ಸಿ ಮೂಲಕ ಬೇರೆ ಊರಿನ, ಬೇರೆ ರಾಜ್ಯದ ಹುಡುಗಿಯರು ಬರ್ತಾರೆ. ನಾವು ಏಜೆನ್ಸಿಗೆ ಕಟ್ಟುವ ದುಡ್ಡಿನಲ್ಲಿ ಅವರ ಕೈಗೆ ಎಷ್ಟು ಸೇರುತ್ತೆ, ಅವರ ಆಧಾರ್ ಕಾರ್ಡ್ ಯಾರ ಹತ್ತಿರ ಇದೆ, ರಜೆ ಯಾವತ್ತು ಅಂತ ಒಂದು ಸಲ ಕೇಳಿ ನೋಡಿ. ಏಜೆನ್ಸಿಯವರ ಎದುರಿಗಲ್ಲ. ಮಧ್ಯಾಹ್ನ ಊಟ ಆದಮೇಲೆ, ಪಕ್ಕದಲ್ಲಿ ಕೂತು.